ಅಜ್ಜಿ ಮನೆಯಿಂದ ಬಂದ ಮೇಲೆ ಮನೆಪಾಠ ಹಳಿಗೆ ಬರುತ್ತಿಲ್ಲ, ನೀವೆಲ್ಲ ಹೇಗೆ ಶುರು ಮಾಡುತ್ತೀರಿ?

ಸಾಗರದ_ಮಗಳು

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನಲ್ಲಿ. ಮಗಳಿಗೆ ಏಳು, ಮಗನಿಗೆ ನಾಲ್ಕೂವರೆ. ಮಗಳನ್ನು ಶಾಲೆಯಿಂದ ಬಿಡಿಸಿ ಒಂದೂವರೆ ವರ್ಷವಾಯಿತು, ಈಗ ಇಬ್ಬರಿಗೂ ಮನೆಯಲ್ಲೇ ಪಾಠ. ಈ ಸಲ ದಸರಾಕ್ಕೆ ಸಾಗರದ ಹತ್ತಿರ ನನ್ನ ತವರಿಗೆ ಹೋದವರು ದೀಪಾವಳಿ ಮುಗಿಸಿಕೊಂಡೇ ಬಂದೆವು. ಹತ್ತಿರ ಹತ್ತಿರ ಒಂದು ತಿಂಗಳು. ಪುಸ್ತಕ ಒಯ್ದಿದ್ದೆ, ಚೀಲದಿಂದ ಹೊರಗೆ ಬರಲೇ ಇಲ್ಲ.

ವಾಪಸ್ ಬಂದು ಐದು ದಿನವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಇಬ್ಬರೂ ಏಳುವುದಿಲ್ಲ. ಹೋಗುವ ಮೊದಲು ಮಗಳು ಸಣ್ಣ ಸಣ್ಣ ಕಥೆ ತಾನೇ ಓದುತ್ತಿದ್ದಳು, ಈಗ ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ, ‘ಬೆಲ್ಲ’ವನ್ನು ‘ಬೆಲ’ ಅಂತ ಓದುತ್ತಾಳೆ. ಹತ್ತರ ಮನೆಯಿಂದ ಸಾಲ ತಂದು ಕಳೆಯುವ ಲೆಕ್ಕ ಪೂರ್ತಿ ಮರೆತಿದ್ದಾಳೆ.

ನಿಜ ಹೇಳಬೇಕೆಂದರೆ ನನ್ನ ಸಂಕಟ ಬೇರೆ ಇದೆ. ತವರಲ್ಲಿ ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಣ್ಣನ ಮಗ ಹತ್ತರವರೆಗೆ ಮಗ್ಗಿ ಹೇಳಿದ. ಅವನಿಗೂ ಏಳೇ ವರ್ಷ, ಶಾಲೆಗೆ ಹೋಗುತ್ತಾನೆ. ದೊಡ್ಡಪ್ಪ ನನ್ನ ಮಗಳ ಕಡೆ ತಿರುಗಿ ‘ನೀನು ಹೇಳು ಪುಟ್ಟಿ’ ಅಂದರು. ಅವಳು ಎರಡರ ಮಗ್ಗಿ ಅರ್ಧ ಹೇಳಿ ನನ್ನ ಬೆನ್ನ ಹಿಂದೆ ಬಂದು ನಿಂತಳು. ‘ಇನ್ನಾದರೂ ಶಾಲೆಗೆ ಹಾಕು’ ಅಂತ ಯಾರೋ ಅಂದರು. ಬಸ್ಸಿನಲ್ಲಿ ರಾತ್ರಿಯಿಡೀ ಅದೇ ಮಾತು ಕಿವಿಯಲ್ಲಿತ್ತು. ಮನೆಗೆ ಬಂದ ಕೂಡಲೇ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆವರೆಗೆ ಅರ್ಧರ್ಧ ಗಂಟೆಯ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಎರಡನೇ ದಿನವೇ ಅವಳು ಸ್ಲೇಟು ತಳ್ಳಿದಳು, ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಅವಳು ಹೆದರಿ ಹಿಂದೆ ಸರಿದಳಲ್ಲ, ಅದು ಕಣ್ಣಮುಂದಿನಿಂದ ಹೋಗುತ್ತಿಲ್ಲ.

ರಜೆ ಮುಗಿಸಿ ಬಂದ ಮೇಲೆ ನೀವು ಹೇಗೆ ಶುರು ಮಾಡುತ್ತೀರಿ? ಎಲ್ಲಾ ಮೊದಲಿಂದ ಕಲಿಸಬೇಕಾ?

ಮೈಸೂರು_ಮಲ್ಲಿಗೆಬಳ್ಳಿ

ಅಕ್ಕ, ಮೊದಲು ಆ ವೇಳಾಪಟ್ಟಿ ಗೋಡೆಯಿಂದ ತೆಗೆಯಿರಿ. ಅದು ಮಗುವಿಗಾಗಿ ಬರೆದದ್ದಲ್ಲ, ದೊಡ್ಡಪ್ಪನಿಗೆ ಉತ್ತರ ಕೊಡಲು ಬರೆದದ್ದು. ನಾನೂ ಹೀಗೆ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಒಂದು ವಾರ ಪುಸ್ತಕವೇ ಬೇಡ. ನಿದ್ದೆ, ಊಟ, ಸ್ನಾನ ಇಷ್ಟು ಹೊತ್ತಿಗೆ ಸರಿಯಾಗಿ ಆದರೆ ಸಾಕು. ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಿ. ಮಕ್ಕಳು ತಾವೇ ‘ಅಮ್ಮ, ಕಥೆ ಓದು’ ಅಂತ ಬರುತ್ತಾರೆ.

ಹುಬ್ಬಳ್ಳಿ_ಅಪ್ಪ

ನನಗೆ ಈ ಒಂದು ವಾರದ ಮಾತು ಒಪ್ಪಿಗೆ ಇಲ್ಲ. ಕ್ಷಮಿಸಿ, ನೇರವಾಗಿ ಹೇಳುತ್ತೇನೆ. ಮೇ ತಿಂಗಳ ರಜೆ ಮುಗಿದ ಮೇಲೆ ನಾವೂ ‘ಒಂದು ವಾರ ಆರಾಮ್ ಇರಲಿ’ ಅಂತ ಬಿಟ್ಟಿದ್ದೆವು. ಒಂದು ವಾರ ಎರಡಾಯಿತು, ನಡುವೆ ಒಂದು ಮದುವೆ ಬಂತು, ಆಮೇಲೆ ಮಗನಿಗೆ ಜ್ವರ. ಜೂನ್ ಕೊನೆಗೆ ಕೂಡಿಸಿದಾಗ ಅವನಿಗೆ ಪಾಠ ಅನ್ನುವುದೇ ಹೊಸದು ಅನ್ನುವಂತಾಗಿತ್ತು. ಶಾಲೆಗೆ ಹೋಗುವ ಮಕ್ಕಳಿಗೆ ಗಂಟೆ ಹೊಡೆಯುತ್ತದೆ. ನಮ್ಮ ಮನೆಯಲ್ಲಿ ಗಂಟೆ ಹೊಡೆಯುವವರು ನಾವೇ, ಅಲ್ವಾ?

ಹಾಗಂತ ಮೂರೂವರೆ ಗಂಟೆ ಕೂಡಿಸಿ ಅನ್ನುವುದಿಲ್ಲ, ಅದು ಬಹಳ ಜಾಸ್ತಿ. ದಿನಕ್ಕೆ ಒಂದೇ ಕೆಲಸ, ಒಂದೇ ಜಾಗ, ಒಂದೇ ಹೊತ್ತು. ನಮ್ಮಲ್ಲಿ ಬೆಳಿಗ್ಗೆ ನಾಷ್ಟಾ ಆದ ಕೂಡಲೇ ಹದಿನೈದು ನಿಮಿಷ ಓದು. ತಟ್ಟೆ ಎತ್ತಿದ ಮೇಲೆ ಅದೇ ಚಾಪೆಯ ಮೇಲೆ. ಅವನು ಅರ್ಧ ಪುಟ ಓದಲಿ, ನಾನು ಉಳಿದದ್ದು ಓದುತ್ತೇನೆ, ಅಷ್ಟಕ್ಕೇ ಮುಗಿಯಿತು. ಹತ್ತು ದಿನ ಇದನ್ನು ಬಿಟ್ಟು ಬೇರೇನೂ ಇಲ್ಲ. ಅಭ್ಯಾಸದ ಎಳೆ ಹರಿಯಬಾರದು, ಅಷ್ಟೇ.

ನಿವೃತ್ತ_ಮೇಷ್ಟ್ರು

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವನು. ಈಗ ಮೊಮ್ಮಗಳಿಗೆ ಮನೆಯಲ್ಲಿ ಹೇಳಿಕೊಡುತ್ತಿದ್ದೇನೆ. ತಾಯಿ, ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಎಲ್ಲಾ ಮೊದಲಿಂದ ಕಲಿಸಬೇಕಾ ಅಂದಿರಲ್ಲ, ಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಲಿ-ಕಲಿ ನಿಮಗೆ ಗೊತ್ತಿರಬಹುದು, ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಅದನ್ನು ಕನ್ನಡಕ್ಕೆ ಹೊಂದಿಸಿದರು. ಕೂಲಿಗೆ ಹೋಗುವ ಅಪ್ಪ-ಅಮ್ಮನ ಜೊತೆ ಮಕ್ಕಳೂ ಹೋಗುತ್ತಿದ್ದರು. ಸುಗ್ಗಿಯಲ್ಲಿ ಹದಿನೈದು ದಿನ, ಜಾತ್ರೆಯಲ್ಲಿ ಒಂದು ವಾರ ಗೈರು. ವಾಪಸ್ ಬರುವ ಹೊತ್ತಿಗೆ ತರಗತಿ ಹತ್ತು ಪಾಠ ಮುಂದೆ ಹೋಗಿರುತ್ತಿತ್ತು. ಮಗು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಕೂತು ಒಂದು ದಿನ ಶಾಲೆಯನ್ನೇ ಬಿಡುತ್ತಿತ್ತು. ನಲಿ-ಕಲಿಯಲ್ಲಿ ಇದಕ್ಕೆ ಕಲಿಕಾ ಏಣಿ ಅಂತ ಇದೆ. ಪ್ರತಿ ಮಗುವೂ ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿದೆ ಅನ್ನುವುದು ಗೊತ್ತಿರುತ್ತದೆ. ಹದಿನೈದು ದಿನ ಬಿಟ್ಟು ಬಂದ ಮಗು ತಾನು ಎಲ್ಲಿ ನಿಲ್ಲಿಸಿತ್ತೋ ಆ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ಬೇರೆಯವರು ಎಲ್ಲಿದ್ದಾರೆ ಅನ್ನುವುದು ಅದಕ್ಕೆ ಸಂಬಂಧವೇ ಇಲ್ಲ.

ನೀವು ಮಾಡಬೇಕಾದ್ದು ಇದೇ. ಹೋಗುವ ಮೊದಲು ಅವಳು ಓದಿದ ಕೊನೆಯ ಪುಟ, ಮಾಡಿದ ಕೊನೆಯ ಲೆಕ್ಕ ಹುಡುಕಿ. ಅಲ್ಲಿಂದ ಎರಡು ಮೆಟ್ಟಿಲು ಕೆಳಗೆ ಇಳಿಯಿರಿ. ಎರಡೇ. ಅವಳು ಆರಾಮಾಗಿ ಮಾಡುವಂಥದ್ದು ಮೂರು ದಿನ ಕೊಡಿ. ನೆಲಕ್ಕೆ ಇಳಿಸಿ ಅ ಆ ಇ ಈಯಿಂದ ಶುರು ಮಾಡಿದರೆ ಮಗುವಿಗೆ ಅವಮಾನ ಆಗುತ್ತದೆ, ನಿಮಗೂ ಬೇಸರ ಬರುತ್ತದೆ.

ಇನ್ನು ಮರೆವಿನ ವಿಷಯ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ 1885ರಲ್ಲಿ ಮರೆವಿನ ಬಗ್ಗೆ ಬರೆದದ್ದನ್ನು ನಮಗೆ ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿಯಲ್ಲಿ ಓದಿಸಿದ್ದರು. ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಎಷ್ಟು ದಿನಕ್ಕೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೆ ತಾನೇ ಪರೀಕ್ಷೆ ಮಾಡಿಕೊಂಡವನು ಅವನು. ಮರೆವು ಬಹಳ ಬೇಗ ಬರುತ್ತದೆ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅವನು ಕಂಡ ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಪೂರ್ತಿ ಮರೆತಂತೆ ಕಂಡ ಪಟ್ಟಿಯನ್ನೂ ಎರಡನೇ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗುವುದಿಲ್ಲ. ಅರ್ಥವಿಲ್ಲದ ಪಟ್ಟಿಗೇ ಹೀಗಾದರೆ, ನಿಮ್ಮ ಮಗಳು ಓದುತ್ತಿದ್ದದ್ದು ಅರ್ಥವಿರುವ ಕಥೆಗಳು. ಬರುತ್ತದೆ, ಹೆದರಬೇಡಿ.

ಸಾಗರದ_ಮಗಳು

ಮೇಷ್ಟ್ರೇ, ಓದಿ ಕಣ್ಣು ತುಂಬಿ ಬಂತು. ವೇಳಾಪಟ್ಟಿ ಆಗಲೇ ತೆಗೆದೆ. ಒತ್ತಕ್ಷರಕ್ಕೆ ಎರಡು ಮೆಟ್ಟಿಲು ಕೆಳಗೆ ಅಂದರೆ ಏನು ಮಾಡಲಿ? ಕಾಗುಣಿತ ಚೆನ್ನಾಗಿ ಬರುತ್ತದೆ ಅವಳಿಗೆ.

ನಿವೃತ್ತ_ಮೇಷ್ಟ್ರು

ಕಾಗುಣಿತ ಬರುತ್ತದೆ ಅಂದರೆ ಅರ್ಧ ಕೆಲಸ ಆಗಿದೆ ತಾಯಿ.

ಒಂದು ಗಮನಿಸಿ. ಅಜ್ಜ, ಅಟ್ಟ, ಹಬ್ಬ, ಅಕ್ಕ, ಇವುಗಳಲ್ಲಿ ಕೆಳಗಿನ ಒತ್ತು ನೋಡಲು ಮೇಲಿನ ಅಕ್ಷರದ ಹಾಗೇ ಇರುತ್ತದೆ, ತಲೆಕಟ್ಟು ಇದ್ದರೆ ಅದು ಮಾತ್ರ ಇರುವುದಿಲ್ಲ. ಮಗು ಬೇಗ ಗುರುತಿಸುತ್ತದೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ಬೇರೆಯೇ ಆಕಾರ. ಅತ್ತೆ, ಅನ್ನ, ಅಮ್ಮ, ಅಯ್ಯ, ಬೆಲ್ಲ. ನಿಮ್ಮ ಮಗಳು ‘ಬೆಲ್ಲ’ದಲ್ಲಿ ಯಾಕೆ ನಿಂತಳು ಅಂತ ಈಗ ಗೊತ್ತಾಯಿತಲ್ಲ? ಕೆಳಗಿರುವುದು ಲ ಅಂತ ಅವಳಿಗೆ ಕಾಣಿಸುವುದೇ ಇಲ್ಲ, ಯಾವುದೋ ಗೆರೆ ಅಂತ ಬಿಟ್ಟುಬಿಡುತ್ತಾಳೆ. ಅದು ದಡ್ಡತನ ಅಲ್ಲ.

ಹಾಗಾಗಿ ಮೊದಲು ಅಜ್ಜಿ, ಅಟ್ಟ, ಹಬ್ಬ, ಕೊಟ್ಟಿಗೆ. ಎರಡು ದಿನದ ಮೇಲೆ ಬೆಲ್ಲ, ಅನ್ನ, ಅತ್ತೆ. ನಮ್ಮ ಮನೆಮಾತಿನ ಬಹುಪಾಲು ಒತ್ತಕ್ಷರಗಳು ಅದೇ ಅಕ್ಷರಕ್ಕೆ ಅದೇ ಒತ್ತು. ಪುಸ್ತಕ, ಸೂರ್ಯ, ಚಕ್ರ ಇಂಥವು ಹೆಚ್ಚಾಗಿ ಸಂಸ್ಕೃತದಿಂದ ಬಂದವು, ಅವು ಕೊನೆಗೆ. ಪದಗಳನ್ನೆಲ್ಲ ಅವಳು ಈ ತಿಂಗಳು ಕಣ್ಣಾರೆ ಕಂಡದ್ದರಿಂದ ಆರಿಸಿ. ತವರಲ್ಲಿ ಏನೇನು ಮಾಡಿದಳು ಅವಳು?

ಸಾಗರದ_ಮಗಳು

ಅಯ್ಯೋ, ಏನು ಮಾಡಲಿಲ್ಲ ಅಂತ ಕೇಳಿ! ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಆಗಷ್ಟೇ ಶುರುವಾಗಿತ್ತು. ಗೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವುದನ್ನು ನೋಡುತ್ತಾ ತೋಟದಲ್ಲೇ ನಿಂತಿರುತ್ತಿದ್ದಳು. ರಾತ್ರಿ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವಾಗ ಸುಲಿದ ಅಡಿಕೆ ಬುಟ್ಟಿಗೆ ಹಾಕುವ ಕೆಲಸ ಅವಳದು. ಹಸಿರು ಅಡಿಕೆ ಬೇಯಿಸಿದರೆ ಯಾಕೆ ಕೆಂಪಾಗುತ್ತದೆ ಅಂತ ಹಂಡೆ ಪಕ್ಕ ನಿಂತು ನೂರು ಸಲ ಕೇಳಿದಳು. ಗೋಪೂಜೆ ದಿನ ದನಗಳಿಗೆ ಅಡಿಕೆ, ಪಚ್ಚೆತೆನೆ ಪೋಣಿಸಿ ಮಾಲೆ ಮಾಡಿದಳು. ಒಂದು ಮಾಲೆಗೆ ಇಷ್ಟು ಅಡಿಕೆ ಅಂತ ಎಣಿಸಿ ಹನ್ನೊಂದು ದನಕ್ಕೂ ಅವಳೇ ಹಂಚಿದ್ದಳು.

ಬರೆಯುತ್ತಾ ಬರೆಯುತ್ತಾ ನನಗೇ ಅನಿಸುತ್ತಿದೆ. ಊಟದ ಪಂಕ್ತಿಯಲ್ಲಿ ಮಗ್ಗಿ ಹೇಳಲಿಲ್ಲ ಅಂತ ನಾನು ಕುಗ್ಗಿಹೋದೆ, ಈ ಹನ್ನೊಂದು ಮಾಲೆಯ ಲೆಕ್ಕ ನನಗೆ ಆಗ ಕಾಣಲೇ ಇಲ್ಲ.

ಡಲ್ಲಾಸ್_ಕನ್ನಡತಿ

ನಾವು ಟೆಕ್ಸಸ್‌ನಲ್ಲಿ ಇದ್ದೇವೆ, ಮಕ್ಕಳು ಎಂಟು ಮತ್ತು ಐದು. ಡಿಸೆಂಬರಿನಲ್ಲಿ ಮೈಸೂರಿಗೆ ಹೋಗಿ ಸಂಕ್ರಾಂತಿ ಮುಗಿಸಿ ಬರುತ್ತೇವೆ. ಚಳಿಗಾಲದಲ್ಲಿ ಇಲ್ಲಿಗೂ ಅಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ, ಅಂದರೆ ಹಗಲು ಪೂರ್ತಿ ರಾತ್ರಿ. ಬಂದ ಮೊದಲ ವಾರ ಮಕ್ಕಳು ನಡುರಾತ್ರಿ ಎರಡಕ್ಕೆ ಎದ್ದು ದೋಸೆ ಕೇಳುತ್ತಾರೆ.

ಮೊದಲ ವರ್ಷ ನಾನೂ ಮೂರನೇ ದಿನಕ್ಕೇ ಪಾಠ ಶುರು ಮಾಡಿ ಅಳಿಸಿದ್ದೆ. ಈಗ ಮೊದಲು ನಿದ್ದೆ ಸರಿ ಮಾಡುತ್ತೇನೆ, ಆಮೇಲೆ ಮಿಕ್ಕಿದ್ದು. ಬೆಳಗಾದ ಕೂಡಲೇ ಪರದೆ ಸರಿಸಿ ಬಿಸಿಲಿಗೆ ಕರೆದುಕೊಂಡು ಹೋಗುವುದು, ಎಷ್ಟೇ ಚಳಿ ಇರಲಿ. ಮಧ್ಯಾಹ್ನದ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಬಿಡುವುದಿಲ್ಲ. ನಿಮಗೆ ವಿಮಾನದ ಸಮಸ್ಯೆ ಇಲ್ಲ, ಆದರೆ ಒಂಬತ್ತಕ್ಕೆ ಏಳುವ ಮಗುವನ್ನು ಒಂಬತ್ತಕ್ಕೇ ಪಾಠಕ್ಕೆ ಕೂರಿಸಿದರೆ ಆಗುವುದೂ ಇದೇ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಗ ಎಬ್ಬಿಸುತ್ತಾ ಬನ್ನಿ, ಒಂದೇ ದಿನಕ್ಕೆ ಎರಡು ಗಂಟೆ ಹಿಂದಕ್ಕೆ ಎಳೆಯಬೇಡಿ.

ಊರಲ್ಲಿ ನಮಗೂ ಈ ಶಾಲೆಯ ಮಾತು ತಪ್ಪಿದ್ದಲ್ಲ. ಇಲ್ಲಿ ಮನೆಪಾಠ ಕಾನೂನಿಗೆ ಒಪ್ಪಿಗೆ ಇರುವ ವಿಷಯ, 1994ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿದಿದೆ ಅಂತ ಹೇಳಿದರೂ ಅತ್ತೆಯವರಿಗೆ ಸಮಾಧಾನ ಇರಲಿಲ್ಲ. ಸಮಾಧಾನ ಆಗಿದ್ದು ಮೊಮ್ಮಗ ಅವರಿಗೆ ಕನ್ನಡ ಪೇಪರಿನ ತಲೆಬರಹ ಓದಿ ಹೇಳಿದ ದಿನ.

ಬಿಸಿಲೂರಿನವಳು

ಕಾನೂನಿನ ಮಾತು ಬಂತಲ್ಲ, ನನ್ನದೂ ಒಂದು ಪ್ರಶ್ನೆ. ಇಲ್ಲಿ ನಮಗೆ ಯಾರಾದರೂ ಬಂದು ಕೇಳಿದರೆ ಏನು ಹೇಳುವುದು? ಪಕ್ಕದ ಮನೆಯವರು ಸುಮ್ನೆ ಹೆದರಿಸುತ್ತಾರೆ, ‘ಕೇಸ್ ಆಗುತ್ತದೆ’ ಅಂತ.

ಹುಬ್ಬಳ್ಳಿ_ಅಪ್ಪ

ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರಲ್ಲಿದೆ, ಆದರೆ ಸೇರಿಸದ ಪೋಷಕರಿಗೆ ಶಿಕ್ಷೆ ಅಂತ ಅದರಲ್ಲಿ ಇಲ್ಲ. ಮನೆಪಾಠದ ಬಗ್ಗೆ ಹೌದು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಮುಂದೆ ಸರ್ಟಿಫಿಕೇಟು ಬೇಕಾದಾಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಮುಕ್ತ ಮೂಲ ಶಿಕ್ಷಣ ಅಂತ ಎ, ಬಿ, ಸಿ ಮೂರು ಹಂತ ಇಟ್ಟಿದ್ದಾರೆ, 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿಯದ್ದನ್ನು ಹದಿನಾಲ್ಕು ತುಂಬಿದ ಮೇಲೆ ಕಟ್ಟಬಹುದು. ನಾನು ದಿನದ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತೇನೆ, ನೀವೂ ಬರೆದಿಡಿ. ಮೇಷ್ಟ್ರು ಹೇಳಿದ ‘ಕೊನೆಯ ಮೆಟ್ಟಿಲು’ ಹುಡುಕಲೂ ಅದೇ ಬೇಕಾಗುತ್ತದೆ.

ಕರಾವಳಿ_ಚೆನ್ನೆಮಣೆ

ಗಣಿತಕ್ಕೆ ನನ್ನ ಕಡೆಯಿಂದ ಒಂದು ಮಾತು. ಆ ಕಳೆಯುವ ಲೆಕ್ಕ ಪುಸ್ತಕದಲ್ಲಿ ಸದ್ಯ ಬೇಡ. ಚೌಕಾಬಾರ ಹಾಕಿ ನೆಲದ ಮೇಲೆ. ಐದು ಐದು ಇಪ್ಪತ್ತೈದು ಮನೆ, ನಾಲ್ಕು ಕವಡೆ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಮನೆ, ನಾಲ್ಕೂ ಬೋರಲು ಬಿದ್ದರೆ ಎಂಟು. ನಾಲ್ಕು ಬಿದ್ದರೂ ಎಂಟು ಬಿದ್ದರೂ ಇನ್ನೊಂದು ಆಟ. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಬದಿ ಬಿಳಿ ಬರುವಂತೆ ಉಜ್ಜಿ, ಅದೂ ಆಗುತ್ತದೆ. ‘ಇನ್ನೆಷ್ಟು ಬಿದ್ದರೆ ಅವನ ಕಾಯಿ ಹೊಡೆಯಬಹುದು’ ಅಂತ ಮಗು ಯೋಚಿಸುತ್ತದಲ್ಲ, ಅದು ಕಳೆಯುವ ಲೆಕ್ಕವೇ. ಹತ್ತರ ಮನೆಯಿಂದ ಸಾಲ ತರುವುದು ತಿಳಿಯಲು ಹತ್ತು ಹತ್ತು ಹುಣಸೆಬೀಜ ಬಟ್ಟೆಯಲ್ಲಿ ಗಂಟು ಕಟ್ಟಿ. ಬಿಡಿ ಬೀಜ ಸಾಲದೇ ಹೋದಾಗ ಗಂಟು ಬಿಚ್ಚಬೇಕು ಅಂತ ಅವಳೇ ಹೇಳುತ್ತಾಳೆ.

ಮಗ್ಗಿಗೆ ನಮ್ಮ ಚೆನ್ನೆಮಣೆ, ನಿಮ್ಮ ಕಡೆಯ ಅಳಗುಳಿಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿಯಂತೆ ಐವತ್ತಾರು. ಕಾಯಿ ತುಂಬುವಾಗ ನಾಲ್ಕೊಂದ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು ಅಂತ ಹೇಳುತ್ತಾ ತುಂಬುವುದು ನಮ್ಮ ಮನೆ ರೂಢಿ. ನನ್ನ ಮಗಳು ಕೂತು ಮಗ್ಗಿ ಬಾಯಿಪಾಠ ಮಾಡಿದವಳೇ ಅಲ್ಲ, ನಾಲ್ಕರ ಮಗ್ಗಿ ಹದಿನಾಲ್ಕರವರೆಗೆ ಬರುತ್ತದೆ.

ಎರಡು_ಜಡೆ_ಅಮ್ಮ

ನನ್ನ ಅನುಭವ ಸ್ವಲ್ಪ ಬೇರೆ. ಹೇಳಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಎರಡು ವರ್ಷ ಮನೆಪಾಠ ಮಾಡಿದೆ. ಹೋದ ಸಲ ಬೇಸಿಗೆ ರಜೆಯಲ್ಲಿ ಹಾಸನದ ಅಜ್ಜಿ ಮನೆಯಲ್ಲಿ ಹತ್ತು ಹನ್ನೆರಡು ಮಕ್ಕಳ ಜೊತೆ ಇದ್ದು ಬಂದ ಮೇಲೆ ಮಗ ದಿನಾ ಕಿಟಕಿ ಹತ್ತಿರ ನಿಂತು ಸಂಜೆ ಆಗುವುದನ್ನೇ ಕಾಯುತ್ತಿದ್ದ. ಅವನಿಗೆ ಪಾಠ ಬೇಡವಾಗಿರಲಿಲ್ಲ, ಒಬ್ಬನೇ ಕೂರುವುದು ಬೇಡವಾಗಿತ್ತು. ಎರಡು ತಿಂಗಳು ನೋಡಿ ಹತ್ತಿರದ ಕನ್ನಡ ಶಾಲೆಗೆ ಸೇರಿಸಿದೆ, ಖುಷಿಯಾಗಿದ್ದಾನೆ. ನನಗೂ ಅದರಲ್ಲಿ ಬೇಸರ ಇಲ್ಲ.

ನಿಮ್ಮನ್ನು ಶಾಲೆಗೆ ಹಾಕಿ ಅನ್ನುತ್ತಿಲ್ಲ. ಆದರೆ ರಜೆಯಿಂದ ಬಂದ ಮಗು ಅತ್ತಾಗ ಯಾವುದಕ್ಕೆ ಅಳುತ್ತಿದೆ ಅಂತ ನೋಡಿ. ಕೆಲವು ಸಲ ಪುಸ್ತಕ ಬರೀ ನೆವ. ನಿಮ್ಮ ಮಗಳಿಗೆ ಆ ಅಣ್ಣನ ಮಗನ ಜೊತೆ ಹೇಗೆ? ಆಡುತ್ತಿದ್ದಳಾ?

ಸಾಗರದ_ಮಗಳು

ಜೀವ ಅವನೆಂದರೆ. ಇಬ್ಬರೂ ತಿಂಗಳಿಡೀ ಒಟ್ಟಿಗೇ ಇದ್ದರು. ಇದು ನನಗೆ ಹೊಳೆದಿರಲಿಲ್ಲ. ನಿನ್ನೆ ರಾತ್ರಿ ಕೇಳಿದೆ, ‘ಯಾಕೆ ಪುಟ್ಟಿ ಪಾಠ ಅಂದರೆ ಅಳುತ್ತೀಯ’ ಅಂತ. ‘ಅವನು ಈಗ ಯಾರ ಜೊತೆ ಅಡಿಕೆ ಹೆಕ್ಕುತ್ತಾನೆ’ ಅಂದಳು.

ಮೈಸೂರು_ಮಲ್ಲಿಗೆಬಳ್ಳಿ

ಹಾಗಾದರೆ ಅವನಿಗೇ ಕಾಗದ ಬರೆಸಿ ಅಕ್ಕ! ಓದು, ಬರಹ, ಒತ್ತಕ್ಷರ ಎಲ್ಲಾ ಅದರಲ್ಲೇ ಬರುತ್ತದೆ. ಫೋನಿನಲ್ಲಿ ಮಾತಾಡಿಸಬೇಡಿ, ಕಾಗದವೇ ಇರಲಿ. ಅಂಚೆ ಡಬ್ಬಿಗೆ ಅವಳ ಕೈಯಿಂದಲೇ ಹಾಕಿಸಿ. ಹುಬ್ಬಳ್ಳಿ ಅಣ್ಣ ಹೇಳಿದ ಹದಿನೈದು ನಿಮಿಷಕ್ಕೆ ಇದನ್ನೇ ಇಟ್ಟುಕೊಳ್ಳಿ. ನನ್ನ ಒಂದು ವಾರದ ಮಾತು ನಾನು ವಾಪಸ್ ತೆಗೆದುಕೊಳ್ಳುತ್ತೇನೆ.

ನಾಲ್ಕೂವರೆ ವರ್ಷದವನಿಗೆ ಏನೂ ಬೇಡ. 2020ರ ಹೊಸ ಶಿಕ್ಷಣ ನೀತಿಯಲ್ಲೂ ಮೂರರಿಂದ ಎಂಟು ವರ್ಷದವರೆಗೆ ಬುನಾದಿ ಹಂತ, ಆಟದಲ್ಲೇ ಕಲಿಕೆ ಅಂತಲೇ ಇದೆ. ಅವನಿಗೆ ಚಪಾತಿ ಹಿಟ್ಟು ಕೊಟ್ಟು ಕೂರಿಸಿ. ಬಟಾಣಿ ಸುಲಿಯಲಿ. ಬೆರಳಿಗೆ ಬಲ ಬಂದರೆ ಮುಂದೆ ಪೆನ್ಸಿಲ್ ಹಿಡಿಯಲು ಕಷ್ಟ ಆಗುವುದಿಲ್ಲ.

ನಿವೃತ್ತ_ಮೇಷ್ಟ್ರು

ಕಾಗದದ ಮಾತು ಬಹಳ ಚೆನ್ನಾಗಿದೆ. ಒಂದೇ ಒಂದು ಕೋರಿಕೆ. ತಪ್ಪು ತಿದ್ದಿ ಕಳಿಸಬೇಡಿ. ಬರೆದದ್ದು ಬರೆದ ಹಾಗೇ ಹೋಗಲಿ. ನೀವು ಬೇರೆ ಹಾಳೆಯಲ್ಲಿ ಎಲ್ಲಿ ತಪ್ಪಿದ್ದಾಳೆ ಅಂತ ಗುರುತು ಮಾಡಿಕೊಳ್ಳಿ, ಮರುದಿನದ ಪದಗಳು ಅಲ್ಲಿಂದ ಸಿಗುತ್ತವೆ.

ಚಿಕ್ಕವನು ಅಕ್ಕನನ್ನು ನೋಡಿ ತಾನೂ ಬರೆಯುತ್ತೇನೆ ಅಂದರೆ ವರ್ಣಮಾಲೆ ಕ್ರಮದಲ್ಲಿ ಹೋಗಬೇಡಿ. ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಇಷ್ಟೂ ಓದಬಹುದು. ಮೊದಲ ವಾರದಲ್ಲೇ ‘ನಾನು ಓದಿದೆ’ ಅನ್ನುವ ಖುಷಿ ಮಗುವಿಗೆ ಬರಲಿ ಅಂತಲೇ ಹಾಗೆ ಇಟ್ಟಿದ್ದು.

ಸಾಗರದ_ಮಗಳು

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ಈಗ ಏಳೂವರೆಗೆ ಏಳುತ್ತಾರೆ. ತಿಂಡಿ ಆದ ಮೇಲೆ ಹದಿನೈದು ನಿಮಿಷ, ಕೆಲವು ದಿನ ಅವಳೇ ಅರ್ಧ ಗಂಟೆ ಮಾಡುತ್ತಾಳೆ. ಮೊದಲ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ‘ಅಡಿಕೆ ಸುಲಿದು ಆಯಿತಾ? ಕೊಟಿಗೆಯಲ್ಲಿ ಕರು ಹುಟಿತಾ?’ ಅಂತ ಒತ್ತು ಬಿಟ್ಟು ಬರೆದಿದ್ದಳು. ತಿದ್ದಲು ಕೈ ಬಹಳ ತುರಿಸಿತು, ಮೇಷ್ಟ್ರ ಮಾತು ನೆನೆದು ಸುಮ್ಮನಿದ್ದೆ. ಮರುದಿನ ಕೊಟ್ಟಿಗೆ, ಹುಟ್ಟಿತು, ಬುಟ್ಟಿ, ಹಿಟ್ಟು ಅಂತ ಆಟ ಆಡಿದೆವು. ಈ ವಾರ ‘ಬೆಲ್ಲ’ ಸರಿಯಾಗಿ ಓದಿದಳು, ಅಂಗಡಿಯ ಬೋರ್ಡಿನಲ್ಲಿ, ನಾನು ಕೇಳದೆಯೇ. ಕಳೆಯುವ ಲೆಕ್ಕ ಇನ್ನೂ ಪೂರ್ತಿ ಬಂದಿಲ್ಲ. ಗಂಟು ಬಿಚ್ಚುವವರೆಗೆ ಬರುತ್ತಾಳೆ, ಬರೆಯುವಾಗ ತಪ್ಪುತ್ತದೆ. ಇರಲಿ, ಅವಸರ ಇಲ್ಲ.

ಕೈ ಎತ್ತಿದ್ದಕ್ಕೆ ಅವಳ ಹತ್ತಿರ ತಪ್ಪಾಯಿತು ಅಂತ ಕೇಳಿದೆ. ‘ಯಾವಾಗ?’ ಅಂದಳು. ಅವಳು ಮರೆತಿದ್ದಾಳೋ, ನನಗೆ ಬೇಸರ ಆಗಬಾರದು ಅಂತ ಹಾಗಂದಳೋ ಗೊತ್ತಾಗಲಿಲ್ಲ.

ನಿನ್ನೆ ಅಣ್ಣನ ಮಗನ ಉತ್ತರ ಬಂತು. ಒಂದು ಪುಟ, ಕೆಳಗೆ ಕರುವಿನ ಚಿತ್ರ. ಅವನೂ ‘ಹುಟಿತು’ ಅಂತಲೇ ಬರೆದಿದ್ದಾನೆ. ಇವಳು ಪೆನ್ಸಿಲ್ ತೆಗೆದುಕೊಂಡು ಟ ಕೆಳಗೆ ಒತ್ತು ಹಾಕಿ, ಕಾಗದ ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.